ನಾಲ್ಕು, ನಾಲ್ಕು, ನಾಲ್ಕು, ಒಂದು: ಕೂಗಿಗೆ ಸಿಗದ ಕೈ

ಇಸ್ಪೀಟು ಎಂದೊಡನೆ ಜೂಜಿನ ನೆನಪಾಗುವುದು ನಮ್ಮಲ್ಲಿ ಸಹಜ. ಆದರೆ ಅದೇ 52 ಎಲೆಗಳಿಂದ ಆಡುವ ಬ್ರಿಡ್ಜ್‌ಗೆ ಬುದ್ಧಿವಂತರ ಆಟವೆಂಬ ಗೌರವವಿದೆ. ಒಳ್ಳೆಯ ಎಲೆ ಬರುವುದು ಅದೃಷ್ಟವಾದರೆ ಇಲ್ಲಿ ಬುದ್ಧಿಗೇನು ಕೆಲಸ? ಆಟಗಾರರನ್ನು ತಲೆಮಾರುಗಳಿಂದ ಕಾಡಿರುವ ಒಂದು ವಿಚಿತ್ರ ಕೈಯನ್ನು ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಮೂರು ಜಾತಿಗಳಲ್ಲಿ ತಲಾ ನಾಲ್ಕು ಎಲೆ, ಉಳಿದ ಜಾತಿಯಲ್ಲಿ ಒಂದೇ ಒಂದು: ಇದೇ ಆ ಕೈ.

ಬ್ರಿಡ್ಜ್ ಭಾರತಕ್ಕೆ ಬಂದದ್ದು ಬ್ರಿಟಿಷರ ಕ್ಲಬ್ಬುಗಳ ದಾರಿಯಲ್ಲಿ. ಬೆಂಗಳೂರಿನಲ್ಲಿ ಆ ಕ್ಲಬ್ ಜೀವನ ಬೇರುಬಿಟ್ಟಿದ್ದು 1809ರಲ್ಲಿ ಹಲಸೂರಿನ ಬಳಿ ನೆಲೆಗೊಂಡ ದಂಡು ಪ್ರದೇಶದಲ್ಲಿ. ಯುನೈಟೆಡ್ ಸರ್ವಿಸಸ್ ಕ್ಲಬ್ ಎಂಬ ಹೆಸರಿನಿಂದ ಆರಂಭವಾದ ಇಂದಿನ ಬೆಂಗಳೂರು ಕ್ಲಬ್, ಶಾಸನತಜ್ಞ ಬಿ.ಎಲ್. ರೈಸ್ ಸ್ಥಾಪಿಸಿದ ಬೌರಿಂಗ್ ಇನ್‌ಸ್ಟಿಟ್ಯೂಟ್ ಎರಡೂ 1868ರವು. 1947ರಲ್ಲಿ ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು. ಬ್ರಿಟಿಷರು ಹೋದರೂ ಕ್ಲಬ್ಬುಗಳು ಉಳಿದವು.

1890ರ ದಶಕದಲ್ಲಿ ಲಂಡನ್ನಿನಲ್ಲಿ ಹರಡಿದ ಬ್ರಿಡ್ಜ್‌ನಲ್ಲಿ ಹರಾಜು ಇರಲಿಲ್ಲ. ಎಲೆ ಹಂಚಿದವನೋ ಅವನ ಜೊತೆಗಾರನೋ ತುರುಪನ್ನು ಹೆಸರಿಸುತ್ತಿದ್ದರು. ತುರುಪಿಗಾಗಿ ಪೈಪೋಟಿಯಲ್ಲಿ ಕೂಗುವ ಕ್ರಮ 20ನೇ ಶತಮಾನದ ಆರಂಭದಲ್ಲಿ ಭಾರತದಲ್ಲೇ ಹುಟ್ಟಿತೆಂಬುದು ಆಟದ ಇತಿಹಾಸಗಳಲ್ಲಿ ಬರುವ ಕಥೆ. ದೂರದ ಊರಿನಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ನಾಲ್ಕನೆಯ ಆಟಗಾರ ಸಿಗದೆ, ಮೂವರೇ ಆಡಲು ಹೂಡಿದ ಉಪಾಯವಂತೆ ಅದು. 1925ರಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಹಡಗಿನ ಪ್ರಯಾಣವೊಂದರಲ್ಲಿ ಅಂಕಗಳ ಲೆಕ್ಕವನ್ನು ಬದಲಿಸಿದರು. ಎಷ್ಟು ಗೆಲ್ಲುತ್ತೇವೆಂದು ಮೊದಲೇ ಕೂಗಿ ಒಪ್ಪಿಕೊಳ್ಳುತ್ತೇವೋ ಅಷ್ಟಕ್ಕೇ ಪೂರ್ಣ ಬೆಲೆ. ಕಾಂಟ್ರಾಕ್ಟ್ ಬ್ರಿಡ್ಜ್ ಬಂದದ್ದು ಹೀಗೆ. ಅಂದಿನಿಂದ ಎಲೆ ಆಡುವಷ್ಟೇ ಮಹತ್ವ ಕೂಗಿಗೂ ಬಂತು.

ನಾಲ್ವರು ಆಟಗಾರರು ಇಬ್ಬಿಬ್ಬರಂತೆ ಎದುರು ಬದುರು ಕೂರುತ್ತಾರೆ. ಒಬ್ಬೊಬ್ಬರಿಗೂ 13 ಎಲೆ. ಜೊತೆಗಾರನ ಎಲೆ ಕಾಣದು. ಅವನಿಗೆ ಸುದ್ದಿ ಮುಟ್ಟಿಸಲು ಇರುವುದು ಕೂಗು ಮಾತ್ರ. ಒಂದರಿಂದ ಏಳರವರೆಗಿನ ಅಂಕಿಗಳು. ಕಳಾವರ್, ಡೈಮನ್, ಆಟೀನು, ಸ್ಪೇಡ್, ನೋ ಟ್ರಂಪ್ ಎಂಬ ಐದು ಹೆಸರುಗಳು. ಪಾಸ್, ಡಬಲ್, ರೀಡಬಲ್. ಹೀಗೆ ಇಡೀ ಭಾಷೆಯಲ್ಲಿರುವುದು 15 ಪದ. ಅವುಗಳಿಂದ ಆಗುವ ಕೂಗುಗಳು 38. ಒಬ್ಬ ಆಟಗಾರನಿಗೆ ಬರಬಹುದಾದ ಕೈಗಳಾದರೋ 63,501 ಕೋಟಿಗೂ ಹೆಚ್ಚು!

ಈ ಬಡ ಭಾಷೆ ಸೋಲುವುದು ನಾಲ್ಕು-ನಾಲ್ಕು-ನಾಲ್ಕು-ಒಂದು ಬಂದಾಗ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬ ರೂಢಿಯ ಲೆಕ್ಕದಲ್ಲಿ ನಿಮ್ಮ ಕೈಗೆ 13 ಅಂಕ ಇದೆಯೆನ್ನಿ. ಸ್ಪೇಡ್ ಒಂದೇ ಎಲೆ, ಉಳಿದವು ನಾಲ್ಕು ನಾಲ್ಕು. ನೀವು 'ಒಂದು ಡೈಮನ್' ಎಂದಿರಿ. ಜೊತೆಗಾರ 'ಒಂದು ಸ್ಪೇಡ್' ಎಂದ; ನಿಮ್ಮಲ್ಲಿಲ್ಲದ ಜಾತಿಯೇ ಅವನ ಬಾಯಲ್ಲಿ ಬಂತು. ಈಗ 'ಒಂದು ನೋ ಟ್ರಂಪ್' ಎಂದರೆ ಎಲೆಗಳು ನಾಲ್ಕೂ ಜಾತಿಗೆ ಸಮನಾಗಿ ಹಂಚಿವೆ ಎಂದರ್ಥ. 'ಎರಡು ಕಳಾವರ್' ಎಂದರೆ ಐದು ಡೈಮನ್ ಇದೆಯೆಂದು ಅವನು ನಂಬುತ್ತಾನೆ. 'ಎರಡು ಆಟೀನು' ಎಂದರೆ ಕೈ ಇನ್ನೂ ಬಲವಾಗಿರಬೇಕು. ಏನು ಹೇಳಿದರೂ ಸ್ವಲ್ಪ ಸುಳ್ಳು.

ಹಾಗಾದರೆ ಇದಕ್ಕೆಂದೇ ಒಂದು ಕೂಗನ್ನು ಮೀಸಲಿಡಬಾರದೆ? ಇಂಥ ಕೈ ಬರುವುದು ನೂರಕ್ಕೆ ಸುಮಾರು ಮೂರು ಸಲ. ಅಪರೂಪಕ್ಕೆಂದು ಮೀಸಲಿಟ್ಟ ಪದ ದಿನಬಳಕೆಗೆ ಸಿಗುವುದಿಲ್ಲ. ಈ ಲಾಭ ನಷ್ಟದ ಲೆಕ್ಕದಲ್ಲೇ ಪಂಥಗಳು ಬೇರೆಯಾದವು. ಅಮೆರಿಕದ ಚಾರ್ಲ್ಸ್ ಗೋರೆನ್ ಹೊಸ ಪದ ಕೇಳಲಿಲ್ಲ. ಒಂಟಿ ಎಲೆಯ ಕೆಳಗಿನ ದರ್ಜೆಯ ಜಾತಿಯನ್ನು ಕೂಗಿ ಎಂದರು. ಇಂಗ್ಲೆಂಡಿನ ಏಕೋಲ್ ಪದ್ಧತಿ ಇದನ್ನು ತುಸು ತಿದ್ದಿತು: ಒಂಟಿ ಎಲೆ ಕೆಂಪಾದರೆ ಅದರ ಕೆಳಗಿನ ಜಾತಿ, ಕಪ್ಪಾದರೆ ಮೂರರಲ್ಲಿ ನಡುವಿನದು. ಇಟಲಿಯ ಅವರೆಲ್ಲಿ ಮತ್ತು ಬೆಲ್ಲಡೊನ್ನ ಜೋಡಿ ಧಾರಾಳಿಗಳು. ಅವರ 'ರೋಮನ್' ಪದ್ಧತಿಯಲ್ಲಿ ಎರಡು ಕಳಾವರ್, ಎರಡು ಡೈಮನ್ ಎರಡೂ ಮೂರು ಜಾತಿಯ ಕೈಗಳಿಗೇ ಮೀಸಲು. 1957ರಿಂದ 1969ರ ನಡುವೆ ಇಟಲಿ 10 ಬಾರಿ ವಿಶ್ವ ಚಾಂಪಿಯನ್ ಆಯಿತು.

1969ರಲ್ಲಿ ಎರಡನೇ ಸ್ಥಾನ ಪಡೆದು ಬೆರಗುಗೊಳಿಸಿದ ತೈವಾನ್ ತಂಡ ಆಡಿದ್ದು ಹಡಗು ಉದ್ಯಮಿ ಸಿ.ಸಿ. ವೇ ರೂಪಿಸಿದ 'ಪ್ರಿಸಿಷನ್' ಪದ್ಧತಿಯನ್ನು. ಅದರಲ್ಲಿ 'ಎರಡು ಡೈಮನ್' ಎಂದರೆ ಡೈಮನ್ ಒಂದೋ ಸೊನ್ನೆಯೋ, ಮಿಕ್ಕ ಮೂರೂ ಜಾತಿ ಇವೆ ಎಂದರ್ಥ! ಇಲ್ಲದ್ದನ್ನು ಹೆಸರಿಸಿ ಇರುವುದನ್ನು ತಿಳಿಸುವ ಈ ಉಪಾಯ ಹೊರಗಿನವರಿಗೆ ಮೋಸವೆನಿಸಬಹುದು. ಆದರೆ ಬ್ರಿಡ್ಜ್‌ನಲ್ಲಿ ಗುಟ್ಟಿನ ಒಪ್ಪಂದಕ್ಕೆ ಅವಕಾಶವಿಲ್ಲ. ಕೂಗಿನ ಅರ್ಥವನ್ನು ಎದುರಾಳಿ ಕೇಳಿದರೆ ಹೇಳಲೇಬೇಕು. ದನಿ ಏರಿಸಿಯೋ ಹುಬ್ಬು ಹಾರಿಸಿಯೋ ಸುಳಿವು ಕೊಡುವುದು ಅಪರಾಧ.

ಬ್ರಿಡ್ಜ್ ಮತ್ತು ಜೂಜಿನ ಅಂತರ ಇಲ್ಲಿದೆ. 1967ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಹೇಳಿ, ಅದರಲ್ಲಿರುವ ಅದೃಷ್ಟ ಬ್ರಿಡ್ಜ್‌ನಲ್ಲಿ ಎಲೆ ಹಂಚುವಾಗಿನ ಅದೃಷ್ಟದಂಥದೇ ಎಂದು ಹೋಲಿಸಿತ್ತು. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ಬ್ರಿಡ್ಜ್ ಮೊದಲ ಬಾರಿ ಸೇರಿದಾಗ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಪುರುಷರ ಜೋಡಿ ವಿಭಾಗದಲ್ಲಿ ಭಾರತಕ್ಕೆ ಚಿನ್ನ ತಂದರು. ಬರ್ಧನ್ ಅವರಿಗೆ ಆಗ 60 ವರ್ಷ.

ಯಾವ ಎಲೆ ಬರಬೇಕೆಂಬುದು ಯಾರ ಕೈಯಲ್ಲೂ ಇಲ್ಲ. ಬಂದ ಎಲೆಗೆ ಹೊಂದುವ ಮಾತು ಇಲ್ಲದಾಗ ಯಾವ ಚಿಕ್ಕ ಸುಳ್ಳಿನಿಂದ ಜೊತೆಗಾರನಿಗೆ ಕಡಿಮೆ ನಷ್ಟವೆಂದು ತೂಗಿ ನೋಡುವುದಷ್ಟೇ ಆಟಗಾರನ ಪಾಲಿನದು.