ಕಲ್ಯಾಣದ ಅಳತೆ

ಕಲ್ಯಾಣವೆಂದರೆ ಮಂಗಳ, ಕ್ಷೇಮ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಆಹವಮಲ್ಲ ಸೋಮೇಶ್ವರನು ರಾಜಧಾನಿಯನ್ನಾಗಿ ಮಾಡಿಕೊಂಡ ಪಟ್ಟಣಕ್ಕೆ ಆ ಹೆಸರು ಅನ್ವರ್ಥವೇ ಆಗಿದ್ದಿತು. ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದುದೂ, ತರುವಾಯ ಬಸವಣ್ಣನವರು ಕಾಯಕ ದಾಸೋಹಗಳ ತತ್ತ್ವವನ್ನು ಸಾರಿದುದೂ ಇಲ್ಲಿಯೇ. ನೆರೆಯ ಹುಮನಾಬಾದವು ಹತ್ತೊಂಬತ್ತನೆಯ ಶತಮಾನದಲ್ಲಿ ಮಾಣಿಕಪ್ರಭುಗಳ ನೆಲೆಯಾಗಿ ಪ್ರಖ್ಯಾತವಾಯಿತು. ಇಂತಹ ಸೀಮೆಯ ಬಾಳನ್ನು ಅಂಕೆಗಳಿಂದ ತೂಗಿದಾಗ ದೊರೆತ ಫಲವು ವಿಚಾರಾರ್ಹವಾದುದು.

ಈ ಸೀಮೆಯನ್ನೊಳಗೊಂಡಿದ್ದ ನಿಜಾಮ ಸಂಸ್ಥಾನದಲ್ಲಿ 1881ರಲ್ಲಿ ಮೊದಲ ಜನಗಣತಿ ನಡೆದು ತಲೆಯೆಣಿಕೆ ಆರಂಭವಾಯಿತು. ಬಾಳಿನ ಮಟ್ಟವನ್ನು ತಾಲ್ಲೂಕುವಾರು ಅಳೆಯುವ ಮಹಾಪ್ರಯತ್ನವಾದರೋ ಬಹುಕಾಲದ ಮೇಲೆ ಕೈಗೂಡಿತು. ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ 2000ದಲ್ಲಿ ನೇಮಕವಾದ ಸಮಿತಿಯು 2002ರಲ್ಲಿ ವರದಿಯನ್ನೊಪ್ಪಿಸಿತು. ಕೃಷಿ, ಕೈಗಾರಿಕೆ, ಸಾರಿಗೆ, ಶಿಕ್ಷಣ, ಆರೋಗ್ಯ ಮುಂತಾದವುಗಳಿಗೆ ಸಂಬಂಧಿಸಿದ 35 ಸೂಚಕಗಳನ್ನು ಆಯ್ದು, ರಾಜ್ಯದ ಸರಾಸರಿಯನ್ನು ಒಂದೆಂದು ಹಿಡಿದು, ಒಂದಕ್ಕಿಂತ ಕೆಳಗುಳಿದ ತಾಲ್ಲೂಕುಗಳನ್ನು ಹಿಂದುಳಿದವೆಂದು ಎಣಿಸಿದರು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವಾಗಿದ್ದುವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವೇ. ಬಸವಕಲ್ಯಾಣವೂ ಹುಮನಾಬಾದವೂ ಆ ಪಟ್ಟಿಯಲ್ಲಿ ಸೇರಿದ್ದುವು. ಕ್ಷೇಮವೆಂಬ ಅರ್ಥದ ಊರು ಕ್ಷೇಮದ ತಕ್ಕಡಿಯಲ್ಲಿ ಹಗುರವಾಯಿತು!

ಇಂತಹ ಅಳತೆಯಿಂದ ಪ್ರಯೋಜನವೇನೆಂದು ಕೇಳಬಹುದು. ದೂರು ಹೇಳುವವನ ಮಾತನ್ನು ತಳ್ಳಿಹಾಕುವುದು ಸುಲಭ. ಲೆಕ್ಕವನ್ನು ತಳ್ಳಿಹಾಕುವುದು ಕಷ್ಟ. ಸಮಿತಿಯು ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಗಳ ಯೋಜನೆಯನ್ನು ಸೂಚಿಸಿತು. 2012ರ ಸಂವಿಧಾನ ತಿದ್ದುಪಡಿಯಿಂದ 371ಜೆ ವಿಧಿಯು ಸೇರಿ, ಈ ಪ್ರಾಂತಕ್ಕೆ ಶಿಕ್ಷಣ ಉದ್ಯೋಗಗಳಲ್ಲಿ ಮೀಸಲು ದೊರೆಯಿತು. ಬೀದರ ಜಿಲ್ಲೆಯಲ್ಲಿ 1991ರಲ್ಲಿ ನೂರಕ್ಕೆ 45ರಷ್ಟಿದ್ದ ಸಾಕ್ಷರತೆಯು 2011ಕ್ಕೆ 70ನ್ನು ದಾಟಿತು.

ಆದರೂ ಸರಾಸರಿಯೆಂಬುದು ಮರೆಮಾಚುವುದೂ ಉಂಟು. ಅದೇ 2011ರಲ್ಲಿ ಜಿಲ್ಲೆಯ ಗಂಡಸರ ಸಾಕ್ಷರತೆ ಸುಮಾರು 79 ಇದ್ದರೆ ಹೆಂಗಸರದು ಸುಮಾರು 62 ಮಾತ್ರ. ತಾಲ್ಲೂಕಿನ ಒಂದೇ ಅಂಕೆಯು ಪೇಟೆಯನ್ನೂ ಮೂಲೆಯ ಹಳ್ಳಿಯನ್ನೂ ಒಂದೇ ಕೊಳಗದಲ್ಲಿ ಅಳೆಯುತ್ತದೆ. ಶಾಲೆಗಳ ಸಂಖ್ಯೆ ಪಟ್ಟಿಗೆ ಬರುವುದು. ಮಗುವು ಕಲಿತಿತೇ ಎಂಬುದು ಅಷ್ಟು ಸುಲಭವಾಗಿ ಬಾರದು. ಬಳಿಕ ಬಸವಕಲ್ಯಾಣದಿಂದ ಹುಲಸೂರು, ಹುಮನಾಬಾದದಿಂದ ಚಿಟಗುಪ್ಪ ಬೇರೆ ತಾಲ್ಲೂಕುಗಳಾದುವು. ಹಳೆಯ ಅಂಕೆಯು ಇವುಗಳಲ್ಲಿ ಯಾವುದಕ್ಕೂ ಸರಿಹೊಂದದು. ಆದಕಾರಣ ಅಳತೆಯನ್ನು ಕಾಲಕಾಲಕ್ಕೆ ನವೀಕರಿಸುವುದು ಅವಶ್ಯ. ಅದಕ್ಕಾಗಿಯೇ 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯ ಸಮಿತಿಯು ನೇಮಕವಾಯಿತು.

2019ರಲ್ಲಿ ಇಡೀ ಪ್ರಾಂತಕ್ಕೆ ಕಲ್ಯಾಣ ಕರ್ನಾಟಕವೆಂಬ ನಾಮಕರಣವಾಯಿತು. ಹೆಸರಿಡುವುದಕ್ಕೆ ಒಂದು ದಿನ ಸಾಕು. ಆ ಹೆಸರು ಮತ್ತೆ ಅನ್ವರ್ಥವಾಗಬೇಕಾದರೆ, ಪಟ್ಟಿಯ ಕೊನೆಯ ಹಳ್ಳಿಯ ಕೊನೆಯ ಮನೆಯ ಬಾಗಿಲಿನಲ್ಲಿ ಅಳತೆಗೋಲನ್ನು ಇಟ್ಟು ನೋಡಬೇಕು.