ಬಂದೂಕುಗಳ ಪಾರ್ಸೆಲ್ ಸಾಗಣೆ: ಅಮೆರಿಕದ ಕಾನೂನು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಂದೂಕು, ಪಿಸ್ತೂಲು, ರಿವಾಲ್ವರುಗಳನ್ನು ಅಂಚೆಯಲ್ಲೋ ಖಾಸಗಿ ಪಾರ್ಸೆಲ್ ಕಂಪನಿಗಳ ಮೂಲಕವೋ ಕಳುಹಿಸಲು ಕಾನೂನಿನಲ್ಲಿ ಅವಕಾಶವಿದೆ. ಯಾರು ಕಳುಹಿಸಬಹುದು, ಯಾರಿಗೆ ಕಳುಹಿಸಬಹುದು, ಯಾವ ಆಯುಧವನ್ನು ಯಾರ ಕೈಗೆ ಒಪ್ಪಿಸಬಹುದು ಎಂಬುದನ್ನು ಸಂಯುಕ್ತ ಸರ್ಕಾರದ ಕಾಯಿದೆ, ಅಂಚೆ ಇಲಾಖೆಯ ನಿಯಮ, ಆಯಾ ರಾಜ್ಯದ ಕಾನೂನು ಮತ್ತು ಸಾಗಣೆ ಕಂಪನಿಯ ಸ್ವಂತ ಷರತ್ತು ಎಲ್ಲವೂ ಸೇರಿ ನಿರ್ಧರಿಸುತ್ತವೆ. ಈ ನಾಲ್ಕರಲ್ಲಿ ಒಂದು ಒಪ್ಪಿದ ಮಾತ್ರಕ್ಕೆ ಉಳಿದವೂ ಒಪ್ಪಿದಂತಾಗುವುದಿಲ್ಲ. ಸಾಗಣೆಯಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯನ್ನು ಮರೆತದ್ದರಿಂದ ಹುಟ್ಟುತ್ತವೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕಟ್ಟುಪಾಡುಗಳು ಇರಲಿಲ್ಲ. ದೊಡ್ಡ ವ್ಯಾಪಾರಿ ಸಂಸ್ಥೆಗಳ ಕ್ಯಾಟಲಾಗುಗಳಲ್ಲಿ ಹೊಲಿಗೆ ಯಂತ್ರ, ಜೀನು, ನೇಗಿಲುಗಳ ಪಕ್ಕದಲ್ಲೇ ರಿವಾಲ್ವರಿನ ಚಿತ್ರವೂ ಬೆಲೆಯೂ ಇರುತ್ತಿದ್ದವು. 1913ರ ಜನವರಿ 1ರಂದು ಅಮೆರಿಕದ ಅಂಚೆ ಇಲಾಖೆ ಪಾರ್ಸೆಲ್ ಸೇವೆ ಆರಂಭಿಸಿದ ಮೇಲೆ ಹಳ್ಳಿಯ ಮನೆಬಾಗಿಲಿಗೂ ಸರಕು ಬರತೊಡಗಿತು. ನಗರಗಳಲ್ಲಿ ಪಿಸ್ತೂಲಿನ ಅಪರಾಧ ಹೆಚ್ಚಿ, ಕಟ್ಟುನಿಟ್ಟಿನ ಕಾನೂನು ಮಾಡಿಕೊಂಡ ರಾಜ್ಯಗಳಿಗೂ ಹೊರರಾಜ್ಯದಿಂದ ಅಂಚೆಯಲ್ಲಿ ಆಯುಧ ಬಂದು ಸೇರುತ್ತಿದ್ದುದು ದೊಡ್ಡ ದೂರಾಯಿತು. ಅದರ ಫಲವಾಗಿ 1927ರಲ್ಲಿ, ಮೈಮೇಲೆ ಬಚ್ಚಿಟ್ಟುಕೊಳ್ಳಬಹುದಾದ ಆಯುಧಗಳನ್ನು, ಅಂದರೆ ಪಿಸ್ತೂಲು, ರಿವಾಲ್ವರು ಮತ್ತು ಅಂಥವುಗಳನ್ನು, ಸಾಮಾನ್ಯರು ಅಂಚೆಯಲ್ಲಿ ಕಳುಹಿಸಬಾರದೆಂಬ ಕಾಯಿದೆ ಬಂತು. ಉದ್ದ ನಳಿಗೆಯ ಬಂದೂಕುಗಳಿಗೆ ಅದು ಅನ್ವಯಿಸಲಿಲ್ಲ. ಇನ್ನೂ ದೊಡ್ಡ ಕೊರತೆಯೆಂದರೆ, ಅದು ಕಟ್ಟಿಹಾಕಿದ್ದು ಅಂಚೆಯನ್ನು ಮಾತ್ರ. ರೈಲ್ವೆ ಎಕ್ಸ್‌ಪ್ರೆಸ್‌ನಂಥ ಖಾಸಗಿ ಸಾಗಣೆ ಸಂಸ್ಥೆಗಳು ಪಿಸ್ತೂಲುಗಳನ್ನು ಮೊದಲಿನಂತೆಯೇ ಹೊತ್ತು ತಂದು ಕೊಡುತ್ತಿದ್ದವು.

1938ರ ಕಾಯಿದೆ ರಾಜ್ಯದಿಂದ ರಾಜ್ಯಕ್ಕೆ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ವ್ಯಾಪಾರಿಯ ವಾರ್ಷಿಕ ಶುಲ್ಕ ಕೇವಲ 1 ಡಾಲರ್. ಕೊಳ್ಳುವವನು ನಿಜವಾಗಿ ಯಾರೆಂದು ಎದುರು ಕೂರಿಸಿಕೊಂಡು ವಿಚಾರಿಸುವ ಹೊಣೆಯನ್ನು ಅದು ಯಾರ ಮೇಲೂ ಹೊರಿಸಲಿಲ್ಲ.

ಈ ಬಿರುಕು ಎಷ್ಟು ಅಗಲವಾಗಿತ್ತೆಂಬುದು 1963ರಲ್ಲಿ ಬಯಲಾಯಿತು. ಡಲ್ಲಾಸ್ ನಗರದಲ್ಲಿದ್ದ ಲೀ ಹಾರ್ವಿ ಆಸ್ವಾಲ್ಡ್, ‘ಎ. ಹೈಡೆಲ್’ ಎಂಬ ಸುಳ್ಳು ಹೆಸರಿನಲ್ಲಿ, ಪತ್ರಿಕೆಯ ಜಾಹೀರಾತಿನ ಕೂಪನ್ ತುಂಬಿ ಷಿಕಾಗೊದ ಕ್ಲೈನ್ಸ್ ಸ್ಪೋರ್ಟಿಂಗ್ ಗೂಡ್ಸ್ ಅಂಗಡಿಗೆ ಮನಿಆರ್ಡರ್ ಕಳುಹಿಸಿದ. ದುರ್ಬೀನು ಜೋಡಿಸಿದ ಇಟಲಿಯ ಹಳೆಯ ಸೈನಿಕ ರೈಫಲ್ಲಿಗೆ 19.95 ಡಾಲರ್, ಸಾಗಣೆಗೆ 1.50 ಡಾಲರ್. ರೈಫಲ್ ಅಂಚೆಯ ಪಾರ್ಸೆಲ್ಲಾಗಿ ಅವನ ಪೋಸ್ಟ್ ಬಾಕ್ಸಿಗೆ ಬಂತು. ಅದೇ ಹೆಸರಿನಲ್ಲಿ ಲಾಸ್ ಏಂಜಲಿಸ್‌ನ ವ್ಯಾಪಾರಿಯೊಬ್ಬರಿಂದ ಒಂದು ರಿವಾಲ್ವರನ್ನೂ ತರಿಸಿದ. ರಿವಾಲ್ವರು ಅಂಚೆಗೆ ನಿಷಿದ್ಧವಾದ್ದರಿಂದ ಅದು ರೈಲ್ವೆ ಎಕ್ಸ್‌ಪ್ರೆಸ್‌ನಲ್ಲಿ, ನಮ್ಮ ವಿ.ಪಿ.ಪಿ.ಯಂತೆ ಸರಕು ಕೈಸೇರಿದಾಗ ಬಾಕಿ ಹಣ ಕೊಡುವ ಕರಾರಿನ ಮೇಲೆ ಬಂತು. ಎರಡೂ ಹೊರಟದ್ದು ಒಂದೇ ದಿನ, 1963ರ ಮಾರ್ಚ್ 20ರಂದು. ನವೆಂಬರ್ 22ರಂದು ಅಧ್ಯಕ್ಷ ಜಾನ್ ಕೆನಡಿಯವರನ್ನು ಕೊಂದದ್ದು ಆ ರೈಫಲ್ ಎಂದೂ, ಅದೇ ಮಧ್ಯಾಹ್ನ ಪೊಲೀಸ್ ಅಧಿಕಾರಿ ಟಿಪ್ಪಿಟ್ ಅವರನ್ನು ಕೊಂದದ್ದು ಆ ರಿವಾಲ್ವರೆಂದೂ ಹತ್ಯೆಯ ತನಿಖೆ ನಡೆಸಿದ ವಾರೆನ್ ಆಯೋಗ ತೀರ್ಮಾನಿಸಿತು. 1927ರ ಕಾಯಿದೆ ಕೆಲಸ ಮಾಡಿತ್ತು. ರಿವಾಲ್ವರು ಅಂಚೆಗೆ ಬೀಳಲಿಲ್ಲ. ಆದರೂ ಅದು ಸುಳ್ಳು ಹೆಸರಿನವನ ಕೈ ಸೇರುವುದು ತಪ್ಪಲಿಲ್ಲ.

ಕನೆಕ್ಟಿಕಟ್‌ನ ಸೆನೆಟರ್ ಥಾಮಸ್ ಡಾಡ್ ಈ ಅಪಾಯವನ್ನು ಹತ್ಯೆಗೆ ಮೊದಲೇ ಗುರುತಿಸಿದ್ದರು. ಅಂಚೆಯ ಮೂಲಕ ನಡೆಯುವ ಆಯುಧ ವ್ಯಾಪಾರದ ಬಗ್ಗೆ ಅವರು ವಿಚಾರಣೆ ನಡೆಸಿ, 1963ರ ಆಗಸ್ಟ್‌ನಲ್ಲೇ ಮಸೂದೆ ತಂದಿದ್ದರು. ಅದು ಕಾನೂನಾಗಲು ಇನ್ನೂ ಐದು ವರ್ಷ ಹಿಡಿಯಿತು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ ಕೊಲೆಯಾದ ಮೇಲೆ, ಅಕ್ಟೋಬರ್ 22ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದೂಕು ನಿಯಂತ್ರಣ ಕಾಯಿದೆಗೆ ಸಹಿ ಹಾಕಿದರು. ಇಂದಿನ ಸಾಗಣೆಯ ನಿಯಮಗಳು ಬಹುಮಟ್ಟಿಗೆ ನಿಂತಿರುವುದು ಈ ಕಾಯಿದೆಯ ಮೇಲೆ.

1968ರ ಕಾಯಿದೆಯ ತಿರುಳು ಸರಳವಾಗಿದೆ: ಆಯುಧವು ರಾಜ್ಯದ ಗಡಿ ದಾಟಿ ಹೊಸ ಒಡೆಯನಿಗೆ ಹೋಗುವುದಾದರೆ ಅದು ಲೈಸೆನ್ಸ್ ಪಡೆದ ವ್ಯಾಪಾರಿಯೊಬ್ಬನ ಕೈಯ ಮೂಲಕವೇ ಹೋಗಬೇಕು. ಈ ಲೈಸೆನ್ಸ್ ಕೊಡುವುದು ಸಂಯುಕ್ತ ಸರ್ಕಾರದ ಎ.ಟಿ.ಎಫ್. ಇಲಾಖೆ. ಲೈಸೆನ್ಸ್ ಇಲ್ಲದ ವ್ಯಕ್ತಿ ಬೇರೆ ರಾಜ್ಯದಲ್ಲಿರುವ ಲೈಸೆನ್ಸ್ ಇಲ್ಲದ ವ್ಯಕ್ತಿಗೆ, ಅವನು ಒಡಹುಟ್ಟಿದವನೇ ಆಗಿರಲಿ, ನೇರವಾಗಿ ಕಳುಹಿಸಿಕೊಡುವಂತಿಲ್ಲ. ತನ್ನದೇ ರಾಜ್ಯದ ನಿವಾಸಿಗೆ ಕಳುಹಿಸಲು ಸಂಯುಕ್ತ ಸರ್ಕಾರದ ಕಾನೂನು ಅಡ್ಡಿಮಾಡುವುದಿಲ್ಲ. ರಾಜ್ಯದ ಕಾನೂನು ಅಡ್ಡಿಮಾಡಬಹುದು. ಯಾವುದೇ ರಾಜ್ಯದಲ್ಲಿರುವ ಲೈಸೆನ್ಸ್ ಉಳ್ಳ ವ್ಯಾಪಾರಿಗೆ ಯಾರು ಬೇಕಾದರೂ ಕಳುಹಿಸಬಹುದು, ಕಳುಹಿಸುವವನು ಆಯುಧ ಇಟ್ಟುಕೊಳ್ಳಲು ಅನರ್ಹನಾಗಿರಬಾರದು ಅಷ್ಟೆ.

ಈ ನಿಯಮಕ್ಕೆ ವಿನಾಯಿತಿಗಳು ಕೆಲವೇ. ಉಯಿಲಿನ ಮೂಲಕವೋ ವಾರಸುದಾರಿಕೆಯಿಂದಲೋ ಬಂದ ಬಂದೂಕು, ಪಡೆಯುವವನ ರಾಜ್ಯದಲ್ಲಿ ಅದನ್ನು ಇಟ್ಟುಕೊಳ್ಳಲು ಅವಕಾಶವಿದ್ದರೆ, ಗಡಿ ದಾಟಬಹುದು. ರಿಪೇರಿಗೆಂದು ಲೈಸೆನ್ಸ್ ಉಳ್ಳ ಕುಶಲಕರ್ಮಿಗೋ ತಯಾರಕ ಕಂಪನಿಗೋ ಕಳುಹಿಸಿದ ಆಯುಧವನ್ನು ಅವರು ರಿಪೇರಿ ಮಾಡಿ ಒಡೆಯನ ಮನೆಗೇ ನೇರವಾಗಿ ಹಿಂತಿರುಗಿಸಬಹುದು. ಬೇಟೆಗೋ ಸ್ಪರ್ಧೆಗೋ ಹೊರರಾಜ್ಯಕ್ಕೆ ಹೋಗುವವನು ತನ್ನ ಬಂದೂಕನ್ನು ತನಗೆ ತಾನೇ ಕಳುಹಿಸಿಕೊಳ್ಳಲೂಬಹುದು: ಪೊಟ್ಟಣದ ಮೇಲೆ ಅವನದೇ ಹೆಸರು, ಅದರ ಕೆಳಗೆ ಅಲ್ಲಿನ ಆತಿಥೇಯನ ವಿಳಾಸ. ಪೊಟ್ಟಣ ಮೊದಲೇ ತಲುಪಿದರೂ ಆತಿಥೇಯ ಅದನ್ನು ತೆರೆಯಬಾರದು. ಒಡೆಯನೇ ಬಂದು ಬಿಚ್ಚಬೇಕು.

ಅಂಗಡಿಯಿಂದಲೋ ಅಂತರ್ಜಾಲದ ಹರಾಜಿನಿಂದಲೋ ಕೊಂಡ ಬಂದೂಕು ಮನೆಗೆ ಬರುತ್ತದೆಂಬ ನಂಬಿಕೆ ಅಮೆರಿಕದ ಹೊರಗೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಹೊರರಾಜ್ಯದಿಂದ ಕೊಂಡವನು ಮೊದಲು ತನ್ನೂರಿನ ಲೈಸೆನ್ಸ್ ಉಳ್ಳ ವ್ಯಾಪಾರಿಯೊಬ್ಬನನ್ನು ಗೊತ್ತುಮಾಡಿಕೊಳ್ಳುತ್ತಾನೆ. ಆ ವ್ಯಾಪಾರಿಯ ಲೈಸೆನ್ಸಿನ ಪ್ರತಿ ಮಾರುವವನಿಗೆ ಹೋಗುತ್ತದೆ. ಅದರ ಸಾಚಾತನವನ್ನು ಎ.ಟಿ.ಎಫ್. ನಡೆಸುವ ಜಾಲತಾಣದಲ್ಲಿ ಪರಿಶೀಲಿಸಬಹುದು. ಬಂದೂಕು ಅಂಗಡಿಗೆ ಬಂದು ಸೇರಿದಾಗ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ, ಎಲ್ಲಿಂದ ಬಂತು ಎಂಬುದನ್ನು ವ್ಯಾಪಾರಿ ತನ್ನ ಆಗಮನ-ನಿರ್ಗಮನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಕೊಂಡವನು ಗುರುತಿನ ಚೀಟಿ ಹಿಡಿದು ಅಂಗಡಿಗೆ ಬಂದು 4473ನೆಯ ನಮೂನೆಯನ್ನು ತುಂಬಿ ಸಹಿ ಹಾಕಬೇಕು; ಅಲ್ಲಿ ಸುಳ್ಳು ಬರೆಯುವುದೇ ಒಂದು ಅಪರಾಧ. ಆಮೇಲೆ ಅವನ ಪೂರ್ವಾಪರ ತಪಾಸಣೆ. 1993ರ ಬ್ರೇಡಿ ಕಾಯಿದೆಯ ಆದೇಶದಂತೆ 1998ರ ನವೆಂಬರ್‌ನಿಂದ ಇದು ರಾಷ್ಟ್ರವ್ಯಾಪಿ ಕಂಪ್ಯೂಟರ್ ವ್ಯವಸ್ಥೆಯ ಮೂಲಕ ನಡೆಯುತ್ತಿದೆ. ವ್ಯಾಪಾರಿಯಿಂದ ಕೈತುಪಾಕಿ ಪಡೆಯಲು 21 ವರ್ಷ, ಉದ್ದ ಬಂದೂಕಿಗೆ 18 ವರ್ಷ ತುಂಬಿರಬೇಕು. ಇದಿಷ್ಟೂ ಮುಗಿದ ಮೇಲೆ ವ್ಯಾಪಾರಿ ತನ್ನ ಶುಲ್ಕ ಪಡೆದು ಆಯುಧ ಕೊಡುತ್ತಾನೆ. ಕೆಲವು ರಾಜ್ಯಗಳಲ್ಲಿ ಆಗಲೂ ಕಾಯಬೇಕು. ಕ್ಯಾಲಿಫೋರ್ನಿಯದಲ್ಲಿ ಹತ್ತು ದಿನ. 1963ರಲ್ಲಿ ಇಲ್ಲದೆ ಹೋದದ್ದು ಈ ಅಂಗಡಿಯ ಮೇಜು ಮತ್ತು ಅದರ ಹಿಂದೆ ಕುಳಿತ ಹೊಣೆಗಾರ ಮನುಷ್ಯ. ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಬೆಲೆಯುಳ್ಳ ಭಾಗ ಇದೇ.

ಯಾವುದನ್ನು ಬಂದೂಕೆಂದು ಎಣಿಸಬೇಕು ಎಂಬುದೂ ಸಾಗಣೆಯಲ್ಲಿ ಮುಖ್ಯ. ನಳಿಗೆ, ಹಿಡಿಕೆಯ ಮರ, ದುರ್ಬೀನುಗಳು ಕಾನೂನಿನ ಕಣ್ಣಿನಲ್ಲಿ ಬಿಡಿಭಾಗಗಳು. ಸಾಮಾನ್ಯ ಸರಕಿನಂತೆ ಹೋಗುತ್ತವೆ. ಸಿಡಿಸುವ ಯಂತ್ರಭಾಗವನ್ನು ಹಿಡಿದಿಡುವ, ಕ್ರಮಸಂಖ್ಯೆ ಕೊರೆದಿರುವ ಚೌಕಟ್ಟು ಮಾತ್ರ, ಬೇರೇನೂ ಜೋಡಿಸದೆ ಬರಿದಾಗಿದ್ದರೂ, ಪೂರ್ಣ ಬಂದೂಕಿನ ಸ್ಥಾನ ಪಡೆಯುತ್ತದೆ. ಮನೆಯಲ್ಲಿ ಕೊರೆದು ಮುಗಿಸಿಕೊಳ್ಳಬಹುದಾದ ಅರೆಬರೆ ಚೌಕಟ್ಟುಗಳ ಕಿಟ್‌ಗಳು ಕ್ರಮಸಂಖ್ಯೆಯಿಲ್ಲದೆ ಪಾರ್ಸೆಲ್ಲಿನಲ್ಲಿ ಹರಡತೊಡಗಿದ್ದರಿಂದ ಎ.ಟಿ.ಎಫ್. 2022ರಲ್ಲಿ ಹೊಸ ನಿಯಮ ತಂದು ಅಂಥ ಕಿಟ್‌ಗಳನ್ನೂ ವ್ಯಾಖ್ಯೆಯೊಳಗೆ ಸೇರಿಸಿತು. ಸುಪ್ರೀಂ ಕೋರ್ಟು 2025ರ ಮಾರ್ಚ್‌ನಲ್ಲಿ ಆ ನಿಯಮವನ್ನು ಎತ್ತಿಹಿಡಿಯಿತು. ಇನ್ನೊಂದು ತುದಿಯಲ್ಲಿ, 1898ರಲ್ಲಿ ಅಥವಾ ಅದಕ್ಕೂ ಹಿಂದೆ ತಯಾರಾದ ಪುರಾತನ ಆಯುಧಗಳು 1968ರ ಕಾಯಿದೆಯ ಮಟ್ಟಿಗೆ ಬಂದೂಕುಗಳೇ ಅಲ್ಲ. ಮೆಷಿನ್‌ಗನ್, ಮೋಟು ನಳಿಗೆಯ ಬಂದೂಕು, ಸದ್ದಡಗಿಸುವ ಸಾಧನಗಳಿಗೆ 1934ರ ಪ್ರತ್ಯೇಕ ಕಾಯಿದೆಯೂ ನೋಂದಣಿಯೂ ಇವೆ.

ಅಂಚೆಗೂ ಖಾಸಗಿ ಕಂಪನಿಗಳಿಗೂ ಇರುವ ವ್ಯತ್ಯಾಸ ಇಂದಿಗೂ ಜನರನ್ನು ಗೊಂದಲಕ್ಕೆ ಕೆಡವುತ್ತದೆ. ಅಂಚೆಯ ನಿಯಮಾವಳಿಯಂತೆ, ಗುಂಡು ತೆಗೆದ ರೈಫಲ್ ಮತ್ತು ಷಾಟ್‌ಗನ್‌ಗಳನ್ನು, ಜಾಡು ಹಿಡಿಯುವ ಮತ್ತು ಪಡೆಯುವವರ ಸಹಿ ತೆಗೆದುಕೊಳ್ಳುವ ಸೇವೆಯಲ್ಲಿ ಸಾಮಾನ್ಯರೂ ಕಳುಹಿಸಬಹುದು. ಕೈತುಪಾಕಿಗಳಿಗೆ 1927ರಿಂದ ಬಂದ ನಿಷೇಧದಲ್ಲಿ ಲೈಸೆನ್ಸ್ ಉಳ್ಳ ತಯಾರಕರು ಮತ್ತು ವ್ಯಾಪಾರಿಗಳು, ಅಂಚೆ ಕಚೇರಿಗೆ ನಿಗದಿತ ಹೇಳಿಕೆ ಬರೆದುಕೊಟ್ಟು, ತಮ್ಮತಮ್ಮೊಳಗೆ ವ್ಯಾಪಾರಕ್ಕಾಗಿ ಕಳುಹಿಸಿಕೊಳ್ಳಲು ವಿನಾಯಿತಿ ಇದೆ. ಈ ನಿಷೇಧದ ಸಿಂಧುತ್ವ ಈಚೆಗೆ ನ್ಯಾಯಾಲಯದಲ್ಲಿ ಪ್ರಶ್ನೆಗೆ ಒಳಗಾಗಿದೆ. ಮದ್ದುಗುಂಡುಗಳನ್ನಂತೂ ಅಂಚೆ ಯಾರಿಂದಲೂ ಸ್ವೀಕರಿಸುವುದಿಲ್ಲ.

ಖಾಸಗಿ ಸಾಗಣೆದಾರರ ಮಟ್ಟಿಗೆ ಕಾನೂನು ಒಂದು ಹೇಳುತ್ತದೆ, ಕಂಪನಿಗಳ ಷರತ್ತು ಇನ್ನೊಂದು ಹೇಳುತ್ತದೆ. ಕಾನೂನಿನಂತೆ ಲೈಸೆನ್ಸ್ ಇಲ್ಲದವನೂ ಖಾಸಗಿ ಕಂಪನಿಯ ಮೂಲಕ ಕೈತುಪಾಕಿಯನ್ನು ವ್ಯಾಪಾರಿಗೆ ಕಳುಹಿಸಬಹುದು. ಆದರೆ ಕಂಪನಿಗಳು ಆಯುಧ ಹೊರಲೇಬೇಕೆಂಬ ಕಡ್ಡಾಯವಿಲ್ಲ. ನೌಕರರ ಕಳವಿನ ತೊಂದರೆಯಿಂದಾಗಿ ಯು.ಪಿ.ಎಸ್. 1999ರಲ್ಲಿ ಕೈತುಪಾಕಿಗಳನ್ನು ಮರುದಿನ ತಲುಪುವ ದುಬಾರಿ ವಿಮಾನ ಸೇವೆಗೆ ಸೀಮಿತಗೊಳಿಸಿತು. ಈಗ ಯು.ಪಿ.ಎಸ್. ಮತ್ತು ಫೆಡೆಕ್ಸ್ ಎರಡೂ, ತಮ್ಮೊಡನೆ ಮೊದಲೇ ಒಪ್ಪಂದ ಮಾಡಿಕೊಂಡ ಲೈಸೆನ್ಸ್ ಉಳ್ಳವರ ಆಯುಧಗಳನ್ನು ಮಾತ್ರ ತೆಗೆದುಕೊಳ್ಳುತ್ತವೆ. ಹೀಗಾಗಿ ಸಾಮಾನ್ಯ ಒಡೆಯನಿಗೆ ಉಳಿದಿರುವ ನೆಚ್ಚಬಹುದಾದ ದಾರಿ ಸ್ಥಳೀಯ ವ್ಯಾಪಾರಿಗೆ ಹಣ ಕೊಟ್ಟು ಅವನಿಂದಲೇ ಕಳುಹಿಸುವುದು. ಪೊಟ್ಟಣದೊಳಗೆ ಏನಿದೆಯೆಂದು ಹೇಳದೆ ಕೌಂಟರಿನಲ್ಲಿ ಕೊಟ್ಟುಬರುವುದು ಕಂಪನಿಯ ಷರತ್ತಿನ ಉಲ್ಲಂಘನೆ. ಪಡೆಯುವವನು ಲೈಸೆನ್ಸ್ ಇಲ್ಲದವನಾದರೆ ಅದು ಕಾನೂನಿನ ಉಲ್ಲಂಘನೆಯೂ ಹೌದು. ಅಂಥ ಸಂದರ್ಭದಲ್ಲಿ ಸಾಗಣೆದಾರನಿಗೆ ಲಿಖಿತ ಸೂಚನೆ ಕೊಡಲೇಬೇಕು.

ಸಾಗಣೆದಾರನಿಗೆ ತಿಳಿಸಬೇಕು, ದಾರಿಹೋಕರಿಗೆ ತಿಳಿಯಬಾರದು. ಒಳಗೆ ಬಂದೂಕಿದೆ ಎಂಬ ಚೀಟಿಯನ್ನು ಪೊಟ್ಟಣದ ಹೊರಗೆ ಅಂಟಿಸುವಂತೆ ಯಾವ ಕಂಪನಿಯೂ ಒತ್ತಾಯಿಸಬಾರದೆಂದು 1993ರ ಕಾಯಿದೆ ವಿಧಿಸಿತು. ಹಾಗೆ ಅಂಟಿಸಿದ ಚೀಟಿ ಕಳ್ಳನಿಗೆ ಆಹ್ವಾನವಾಗುತ್ತಿದ್ದುದೇ ಕಾರಣ. ಪಡೆದವನಿಂದ ಲಿಖಿತ ರಸೀದಿ ಪಡೆಯದೆ ಆಯುಧ ಒಪ್ಪಿಸಬಾರದೆಂಬ ನಿಯಮವೂ ಅದೇ ಕಾಯಿದೆಯದು. ಆದ್ದರಿಂದ ಬಂದೂಕಿನ ಆಕಾರ ಕಾಣದಂಥ ಗಟ್ಟಿ ರಟ್ಟಿನ ಪೆಟ್ಟಿಗೆ, ಗುಂಡಿಲ್ಲದ ಖಾಲಿ ನಳಿಗೆ, ಒಳಗೆ ಅಲುಗದಂತೆ ಮೆತ್ತೆ, ಕಳುಹಿಸಿದವನ ಹೆಸರು-ವಿಳಾಸದ ಪ್ರತಿ ಒಳಗೊಂದು ಎನ್ನುವುದು ಈ ವೃತ್ತಿಯವರ ರೂಢಿ. ಮದ್ದುಗುಂಡುಗಳನ್ನು ಆಯುಧದ ಜೊತೆ ಇಡದೆ, ಅಪಾಯಕಾರಿ ಸರಕಿನ ನಿಯಮದಂತೆ ಬೇರೆ ಪೆಟ್ಟಿಗೆಯಲ್ಲಿ ಕಳುಹಿಸುತ್ತಾರೆ. ಮದ್ದುಗುಂಡನ್ನು ಅಂತರರಾಜ್ಯ ಪಾರ್ಸೆಲ್ಲಿನಲ್ಲಿ ಮಾರುವುದಕ್ಕೆ 1968ರಲ್ಲಿ ಬಂದ ನಿರ್ಬಂಧವನ್ನು 1986ರ ಕಾಯಿದೆ ಸಡಿಲಿಸಿತಾದರೂ ಕ್ಯಾಲಿಫೋರ್ನಿಯದಂಥ ಕೆಲವು ರಾಜ್ಯಗಳು ತಮ್ಮ ಮಟ್ಟಿಗೆ ಅದನ್ನು ಮತ್ತೆ ಬಿಗಿಗೊಳಿಸಿವೆ.

ದಾರಿಯಲ್ಲಿ ಬಂದೂಕು ಕಳೆದುಹೋದರೆ ಅಥವಾ ಕಳವಾದರೆ ಅದರ ಹೊಣೆ ಯಾರದೆಂಬುದು ಬಹುಕಾಲ ಅಸ್ಪಷ್ಟವಾಗಿತ್ತು. 2016ರ ನಿಯಮದಂತೆ, ಕಳುಹಿಸಿದ ಲೈಸೆನ್ಸ್‌ದಾರನು ವಿಷಯ ತಿಳಿದ 48 ಗಂಟೆಗಳೊಳಗೆ ಎ.ಟಿ.ಎಫ್.ಗೂ ಸ್ಥಳೀಯ ಪೊಲೀಸರಿಗೂ ವರದಿ ಮಾಡಬೇಕು. ಕಳುಹಿಸುವ ಮುನ್ನ ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಳ್ಳದಿದ್ದರೆ ಆ ವರದಿಗೆ ಅರ್ಥವಿರುವುದಿಲ್ಲ. ಕದ್ದ ಆಯುಧವನ್ನು ಮುಂದೆಂದೋ ಗುರುತಿಸಲು ಇರುವ ಗಟ್ಟಿ ಆಧಾರ ಆ ಸಂಖ್ಯೆಯೇ.

ಅಮೆರಿಕದಲ್ಲಿರುವ ಕನ್ನಡಿಗರಿಗೂ ಈ ಕಾನೂನಿನ ಒಂದು ಭಾಗ ನೇರವಾಗಿ ತಟ್ಟುತ್ತದೆ. ಉದ್ಯೋಗದ ಎಚ್-1ಬಿ, ವಿದ್ಯಾರ್ಥಿಗಳ ಎಫ್-1 ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಬಂದವರು ಸಾಮಾನ್ಯವಾಗಿ ಆಯುಧವನ್ನು ಇಟ್ಟುಕೊಳ್ಳುವುದನ್ನೂ ಕಳುಹಿಸುವುದನ್ನೂ ಪಡೆಯುವುದನ್ನೂ 1998ರ ತಿದ್ದುಪಡಿ ನಿಷೇಧಿಸಿದೆ. ರಾಜ್ಯವೊಂದು ಕೊಟ್ಟ ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ಉಳ್ಳವರಂಥ ಕೆಲವರಿಗೆ ಮಾತ್ರ ವಿನಾಯಿತಿ. ಹಸಿರು ಕಾರ್ಡ್ ಪಡೆದ ಕಾಯಂ ನಿವಾಸಿಗಳಿಗೆ ಈ ನಿಷೇಧ ಇಲ್ಲ. ನಿಷೇಧಕ್ಕೆ ಒಳಪಟ್ಟವರು ಗೊತ್ತಿದ್ದೂ ಇದನ್ನು ಮೀರಿದರೆ 2022ರ ಕಾಯಿದೆಯ ನಂತರ 15 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.