ಗ್ರಬ್
ಗ್ರಬ್: ಗಣಕಯಂತ್ರ ಚಾಲೂ ಆದಾಗ ಲಿನಕ್ಸ್ ಕರ್ನಲನ್ನು (ಕಾರ್ಯಾಚರಣಾ ವ್ಯವಸ್ಥೆಯ ತಿರುಳನ್ನು) ಡಿಸ್ಕಿನಿಂದ ಮೆಮೊರಿಗೆ ತಂದು ಚಾಲನೆಗೊಳಿಸುವ ಬೂಟ್‌ಲೋಡರ್. ಗ್ನೂ ಯೋಜನೆಯ ಮುಕ್ತ ತಂತ್ರಾಂಶ. ‘ಗ್ರ್ಯಾಂಡ್ ಯೂನಿಫೈಡ್ ಬೂಟ್‌ಲೋಡರ್’ ಎಂಬುದರ ಹ್ರಸ್ವರೂಪ. 1995ರಲ್ಲಿ ಎರಿಕ್ ಬೊಲೀನ್ ಆರಂಭಿಸಿದರು. 1999ರಲ್ಲಿ ಗ್ನೂ ಪ್ಯಾಕೇಜಾಯಿತು. ಹೊಸದಾಗಿ ಬರೆದ ಗ್ರಬ್ 2ರ 2.00 ಆವೃತ್ತಿ 2012ರಲ್ಲಿ ಬಂತು.

ಹಳೆಯ ಬಯೋಸ್ ಯಂತ್ರಗಳಲ್ಲಿ ಇದರ ಮೊದಲ ಹಂತ ಡಿಸ್ಕಿನ ಆರಂಭದ 512 ಬೈಟ್‌ಗಳಲ್ಲಿರುತ್ತದೆ. ಯುಇಎಫ್‌ಐ ಲ್ಯಾಪ್‌ಟಾಪ್‌ಗಳಲ್ಲಿ ಪ್ರತ್ಯೇಕ ಇಎಫ್‌ಐ ವಿಭಾಗದಲ್ಲಿ ಕಡತವಾಗಿರುತ್ತದೆ.

ದೋಷ, ಪರಿಹಾರ: ಡಿಸ್ಕಿನ ವಿಭಾಗವನ್ನು ಅಳಿಸಿದಾಗ ಅಥವಾ ಅದರ ಸಂಖ್ಯೆ ಬದಲಾದಾಗ ಗ್ರಬ್‌ಗೆ ತನ್ನ ಮಾಡ್ಯೂಲ್‌ಗಳು ಸಿಗದೆ, ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಸಾಲು ನಿಲ್ಲುತ್ತದೆ. ಆಗ ಲೈವ್ ಯುಎಸ್‌ಬಿಯಿಂದ ಯಂತ್ರ ತೆರೆದು, ಮೂಲ ವಿಭಾಗವನ್ನು ಮೌಂಟ್ ಮಾಡಿ, ‘ಗ್ರಬ್-ಇನ್‌ಸ್ಟಾಲ್’ ಆದೇಶದಿಂದ ಮರುಸ್ಥಾಪಿಸಲಾಗುತ್ತದೆ. ಮೆನು ಕಂಡ ನಂತರ ಪರದೆ ಕಪ್ಪಾದರೆ ಗ್ರಾಫಿಕ್ಸ್ ಡ್ರೈವರ್ ಕಾರಣವಿರಬಹುದು: ‘ಇ’ ಕೀಲಿ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸಿ ಎಫ್10 ಒತ್ತಲಾಗುತ್ತದೆ, ಈ ಬದಲಾವಣೆ ಒಂದು ಬಾರಿಯ ಚಾಲನೆಗಷ್ಟೇ ಅನ್ವಯ. ಯುಇಎಫ್‌ಐನ ಭದ್ರತಾ ವ್ಯವಸ್ಥೆಯಾದ ಸೆಕ್ಯೂರ್ ಬೂಟ್ ಸಕ್ರಿಯವಾಗಿದ್ದರೆ ಡಿಜಿಟಲ್ ಸಹಿಯಿಲ್ಲದ ಕರ್ನಲನ್ನು ತಡೆಯುತ್ತದೆ.

ಮಹತ್ವ: ಉಬುಂಟು, ಡೆಬಿಯನ್, ಫೆಡೊರಾ ಎಂಬ ಲಿನಕ್ಸ್ ವಿತರಣೆಗಳಲ್ಲಿ ಬಳಕೆಯಲ್ಲಿದೆ. ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ, ಡೆಬಿಯನ್ ಆಧಾರಿತ ಭಾರತೀಯ ವಿತರಣೆ ‘ಬಾಸ್’ನಲ್ಲೂ (2007) ಗ್ರಬ್ ಇದೆ. ಗ್ರಬ್ ಕೆಟ್ಟರೂ ಬಳಕೆದಾರರ ಕಡತಗಳು ಸಾಮಾನ್ಯವಾಗಿ ಉಳಿದಿರುವುದರಿಂದ ಇಡೀ ವ್ಯವಸ್ಥೆಯ ಮರುಸ್ಥಾಪನೆ ಅನಿವಾರ್ಯವಲ್ಲ.